ತೊಟ್ಟಿಲಿಲ್ಲದ ಜೋಗುಳ

ಮೊನ್ನೆ ಇಳಕಲ್ಲಿನಲ್ಲಿ ಒಂದು ಸಮಾರಂಭ. ನೇಕಾರರ ಓಣಿಯೊಂದರ ಮಹಿಳಾ ಭಜನಾ ಸಂಘಕ್ಕೆ ಐವತ್ತು ವರ್ಷ ತುಂಬಿತೆಂದು ಕರೆದಿದ್ದರು. ಬಾಗಲಕೋಟೆಯಿಂದ ಅಷ್ಟು ದೂರ ಈ ಮೊಣಕಾಲು ಇಟ್ಟುಕೊಂಡು ಯಾಕೆ ಹೋಗಬೇಕೆಂದು ಮಗಳು ಗೊಣಗಿದಳು. ಆ ಸಂಘ ಹುಟ್ಟಿದ ವರ್ಷ ನಾನು ಆ ಓಣಿಯಲ್ಲೇ ಬಾಡಿಗೆಗಿದ್ದೆ, ಹೋಗದಿದ್ದರೆ ಹೇಗೆ ಎಂದು ಬಸ್ಸು ಹತ್ತಿದೆ.

ಮೊದಲು ಮಾತಾಡಿದವರು ಒಬ್ಬ ಮನೋವೈದ್ಯರು, ಇನ್ನೂ ಎಳೆಯ ವಯಸ್ಸು. ಹತ್ತು ಜನ ಒಟ್ಟಿಗೆ ಕೂತು ಹಾಡಿದರೆ ಉಸಿರು ಒಂದು ಲಯಕ್ಕೆ ಬರುತ್ತದೆ, ಎದೆಯ ಭಾರ ಇಳಿಯುತ್ತದೆ, ಒಂಟಿತನ ಕಳೆಯುತ್ತದೆ, ನಿದ್ದೆ ಬರುತ್ತದೆ ಎಂದು ಹೇಳಿದರು. ಚೆನ್ನಾಗಿ ಹೇಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ನಂತರ ಸಂಘದ ಕಾರ್ಯದರ್ಶಿ ಎದ್ದ. ಮಹಿಳಾ ಸಂಘಕ್ಕೆ ಕಾರ್ಯದರ್ಶಿ ಗಂಡಸು. "ಡಾಕ್ಟರರು ಇವತ್ತು ಹೇಳಿದ್ದನ್ನ ನಮ್ಮ ಗುರಪ್ಪ ಸಾವಕಾರರು ಐವತ್ತು ವರ್ಷದ ಹಿಂದೇ ತಿಳಕೊಂಡಿದ್ದರು. ನೊಂದ ಹೆಣ್ಣುಮಕ್ಕಳ ಮನಸ್ಸಿಗೆ ಸಮಾಧಾನ ಸಿಗಲಿ ಅಂತ ಅವರೇ ಈ ಸಂಘ ಕಟ್ಟಿದರು" ಎಂದ. ಸಾವಕಾರರ ದೊಡ್ಡ ಫೋಟೋಕ್ಕೆ ಮಾಲೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೊಂದು ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು ಕೂಡಿಸಿದರು. ಮೈಕು ಕೊಡಲಿಲ್ಲ. ಕೊಟ್ಟಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕೊನೆಯ ದಿನಗಳು ಅವು. ನನಗೆ ಆಗಷ್ಟೇ ನೌಕರಿ ಸಿಕ್ಕಿತ್ತು. ಇಳಕಲ್ಲಿನ ಹೆಣ್ಣುಮಕ್ಕಳ ಸಾಲೆಗೆ ಹಾಕಿದ್ದರು. ನಮ್ಮ ತಂದೆ ಬಾಗಲಕೋಟೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು. ಮದುವೆಯಾಗದ ಮಗಳು ಬೇರೆ ಊರಲ್ಲಿ, ಅದೂ ನೇಕಾರರ ಮನೆಯಲ್ಲಿ ಇರುವುದು ಅವರಿಗೆ ಸೇರಿರಲಿಲ್ಲ. ಆದರೆ ಮನೆಯಲ್ಲಿ ಸಂಬಳ ಬೇಕಾಗಿತ್ತು. ಅವ್ವ ಒಂದು ಸ್ಟೋ, ಒಂದು ತಪ್ಪಲೆ ಕಟ್ಟಿಕೊಟ್ಟು, "ಅವರ ಮನ್ಯಾಗ ಒಂದು ತುತ್ತೂ ಉಣಬ್ಯಾಡ ಮತ್ತ" ಎಂದು ಹೇಳಿ ಕಳಿಸಿದಳು.

ನಾನು ಹಿಡಿದದ್ದು ಸಂಗಪ್ಪನೆಂಬ ನೇಕಾರನ ಮನೆಯ ಮುಂದಿನ ಕೋಣೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸಂಗಪ್ಪ ಬೆಳಗಿನಿಂದ ಸಂಜೆಯವರೆಗೆ ನೇಯುತ್ತಿದ್ದ. ಅವನ ತಾಯಿ ಶಾಂತವ್ವ ಅಡುಗೆ, ಹಟ್ಟಿ, ಹಣಕಾಸು ಎಲ್ಲವನ್ನೂ ನೋಡುತ್ತಿದ್ದಳು. ಹೆಂಡತಿ ನೀಲವ್ವ ನನ್ನ ಓರಿಗೆಯವಳು, ಆಗ ತುಂಬಿದ ಬಸುರಿ. ತವರು ಬದಾಮಿಯ ಹತ್ತಿರದ ಚೊಳಚಗುಡ್ಡ. ಹಡೆದವ್ವ ಇರಲಿಲ್ಲವಾದ್ದರಿಂದ ಬಾಣಂತನವೂ ಗಂಡನ ಮನೆಯಲ್ಲೇ ಎಂದಾಗಿತ್ತು. ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತ ಅವಳು ಇಡೀ ದಿನ ಮಾತಾಡುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂಡುವ ಆ ಸಣ್ಣ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಅದನ್ನು ಸುತ್ತುವುದು ಆ ಓಣಿಯಲ್ಲಿ ಹೆಂಗಸರ ಕೆಲಸ. ಅದಕ್ಕೆ ಕೂಲಿ ಎಂಬುದೇನೂ ಇಲ್ಲ, ಮನೆಗೆಲಸದ ಜೊತೆ ಅದೂ ಒಂದು. ನಾನು ಹೋದ ಮರುದಿನವೇ ನೀಲವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ತಂದು ಬಾಗಿಲಲ್ಲಿ ನಿಂತಳು. "ಅಕ್ಕೋರ, ಉಣತೀರೋ, ನಿಮ್ಮ ಅವ್ವಗ ಹೇಳ್ಲೋ?" ಎಂದು ನಕ್ಕಳು. ಉಂಡೆ.

ಕಾರಹುಣ್ಣಿಮೆ ಮುಗಿದ ಮೇಲೆ ಅವಳು ಹಡೆದಳು. ಹೆಣ್ಣುಕೂಸು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ, ಜೋಗುಳ ಹಾಡಿ, ಹೆಸರು ಕರೆಯಬೇಕು. ಶಾಂತವ್ವ ಬಂಧುಗಳ ಮನೆಯಿಂದ ತೊಟ್ಟಿಲು ತರಿಸಿ, ತೊಳೆದು, ಅಂಗಳದಲ್ಲಿ ಒಣಗಲು ಇಟ್ಟಿದ್ದಳು. ಅದರ ಮುನ್ನಾದಿನ ಕೂಸು ಹಾಲು ಬಿಟ್ಟಿತು, ಸಂಜೆಗೆ ಹೋಗಿಬಿಟ್ಟಿತು.

ಅದಾದ ಮೇಲೆ ಆ ಮನೆಯಲ್ಲಿ, ಆ ಓಣಿಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ರಕ್ತ ಕುದಿಯುತ್ತದೆ. ಕೂಸನ್ನು ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಗಂಡಸರು ಒಯ್ದರು. ತಾಯಿಗೆ ಮುಖ ತೋರಿಸಲಿಲ್ಲ. ತೊಟ್ಟಿಲನ್ನು ಅದೇ ದಿನ ಹಿಂದಕ್ಕೆ ಕಳಿಸಿದರು. "ಅಳಬ್ಯಾಡ, ಕಣ್ಣೀರು ಹಾಕಿದರ ಮುಂದಿನ ಕೂಸಿಗೆ ಹತ್ತತದ" ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಒಬ್ಬ ಮುದುಕ ಕಟ್ಟೆಯ ಮೇಲೆ ಕೂತು, "ಹೆಣ್ಣು ಹೋದರ ಹೋತು ಬಿಡ್ರಿ, ಗಂಡಾಗಿದ್ದರ ಮಾತು ಬ್ಯಾರೆ" ಎಂದ. ಒಳಗೆ ಗೋಡೆಗೆ ಒರಗಿದ್ದ ನೀಲವ್ವನಿಗೆ ಅದು ಕೇಳಿಸಿತು. ಅವಳ ಎದೆಯಲ್ಲಿ ಹಾಲು ಕಟ್ಟಿ ಕುಪ್ಪಸ ತೊಯ್ಯುತ್ತಿತ್ತು. ಶಾಂತವ್ವ ಬಿಗಿಯಾಗಿ ಬಟ್ಟೆ ಕಟ್ಟಿದಳು. ಇನ್ನೇನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ನೀಲವ್ವ ಅಳಲಿಲ್ಲ. ಬೇಡವೆಂದರಲ್ಲ, ಅಳಲಿಲ್ಲ. ಆಮೇಲೆ ಮಾತನ್ನೂ ಬಿಟ್ಟಳು. ತಲೆ ಬಾಚಿಕೊಳ್ಳುವುದು ಬಿಟ್ಟಳು, ಉಣ್ಣು ಎಂದರೆ ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ಹಾಗೇ ಕೂಡುತ್ತಿದ್ದಳು. ಆಷಾಢದ ಗಾಳಿ ಓಣಿಯ ಕೆಂಪು ಧೂಳನ್ನೆಲ್ಲ ಎತ್ತಿ ಮನೆಯೊಳಗೆ ಸುರಿಯುತ್ತಿತ್ತು. ಅವಳು ಬಾಗಿಲ ಎದುರಿಗೇ ಕೂತಿರುತ್ತಿದ್ದಳು, ಕಣ್ಣಿಗೆ ಧೂಳು ಬಿದ್ದರೂ ಮುಚ್ಚುತ್ತಿರಲಿಲ್ಲ. ನಾನು ಸಾಲೆಯಿಂದ ಬಂದು ಅವಳ ಮುಖ ಒರೆಸುತ್ತಿದ್ದೆ. ನನ್ನ ಕೈ ಅವಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ.

ದೆವ್ವ ಹಿಡಿದಿದೆ ಎಂದು ಓಣಿ ತೀರ್ಮಾನಿಸಿತು. ಹೊಳೆಯಾಚೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನು ಬಾಗಿಲು ಹಾಕಿಸಿ, ಒಣಮೆಣಸಿನಕಾಯಿ ಸುಟ್ಟು ಅವಳ ಮೂಗಿಗೆ ಹೊಗೆ ಹಿಡಿದ. ಬೇವಿನ ಬರಲಿನಿಂದ ಹೊಡೆದ. "ಯಾರು ನೀನು, ಹೇಳು" ಎಂದು ಹೊಡೆಯುತ್ತಿದ್ದ. ಕೂಸು ಕಳೆದುಕೊಂಡ ತಾಯಿ ಅವಳು, ಇನ್ನು ಯಾರಿರಬೇಕು? ನಾನು ಬಾಗಿಲು ಬಡಿದೆ. ಸಂಗಪ್ಪ ಹೊರಗೆ ಕಟ್ಟೆಯ ಮೇಲೆ ಮೊಣಕಾಲಿಗೆ ಮುಖ ಹಚ್ಚಿ ಕೂತಿದ್ದ. "ಸುಮ್ಮಕ ಕುಂತೀಯಲ್ಲ ಸಂಗಪ್ಪಾ" ಎಂದೆ. "ಹಿರ್ಯಾರು ಮಾಡ್ಯಾರ್ರೀ ಅಕ್ಕೋರ, ನಾ ಏನ ಹೇಳ್ಲಿ" ಎಂದ. ಕೆಟ್ಟವನಲ್ಲ ಅವನು. ಆ ವರ್ಷ ನಾನು ಕಂಡ ಬಹಳಷ್ಟು ಕೇಡು ಹೀಗೆ ಕೆಟ್ಟವರಲ್ಲದ ಗಂಡಸರು ಸುಮ್ಮನೆ ಕೂತದ್ದರಿಂದಲೇ ಆದದ್ದು.

ನಾನು ಹಟ ಹಿಡಿದು ಹುನಗುಂದದ ದವಾಖಾನೆಗೆ ಕರೆದುಕೊಂಡು ಹೋಗುವಂತೆ ಮಾಡಿದೆ. ಡಾಕ್ಟರು ಓದಿದವರು, ಅಲ್ಲಿ ನ್ಯಾಯ ಸಿಗುತ್ತದೆ ಎಂದುಕೊಂಡಿದ್ದೆ. ಅವರು ನೀಲವ್ವನ ಮುಖವನ್ನೇ ನೋಡಲಿಲ್ಲ. ಸಂಗಪ್ಪನನ್ನು ಎರಡು ಮಾತು ಕೇಳಿ, "ಏನಾಗಿಲ್ಲ ಈಕಿಗೆ. ಇನ್ನೊಂದು ಕೂಸಾದರ ಎಲ್ಲಾ ಸರಿ ಆಗ್ತದ" ಎಂದು ಕೆಂಪು ಔಷಧದ ಸೀಸೆ ಕೊಟ್ಟು ಕಳಿಸಿದರು. ಬರುವಾಗ ಬಸ್ಸಿನಲ್ಲಿ ನನಗೆ ಆ ಸೀಸೆಯನ್ನು ಕಿಟಕಿಯಿಂದ ಎಸೆಯಬೇಕೆನಿಸಿತು. ನೀಲವ್ವ ಹೊರಗಿನ ಜೋಳದ ಹೊಲಗಳನ್ನು ನೋಡುತ್ತಿದ್ದಳು, ಅಥವಾ ಏನನ್ನೂ ನೋಡುತ್ತಿರಲಿಲ್ಲ.

ಶ್ರಾವಣ ಬಂತು. ಗಾಳಿ ನಿಂತು ಸಣ್ಣಗೆ ಮಳೆ ಹಿಡಿಯಿತು. ಓಣಿಯ ತುದಿಯಲ್ಲಿ ಒಂದು ಸಣ್ಣ ಮಠ. ಶ್ರಾವಣದಲ್ಲಿ ಅದರ ಒಳಗೆ ಗಂಡಸರಿಗೆ ಪುರಾಣ. ಹೊರಗಿನ ಪಡಸಾಲೆಯಲ್ಲಿ, ಪುರಾಣ ಶುರುವಾಗುವ ಮೊದಲು, ಓಣಿಯ ಹೆಂಗಸರು ಕೂಡಿ ಹಾಡುವುದು ಮೊದಲಿನಿಂದ ಬಂದದ್ದು. ಅದನ್ನು ಯಾರೂ ಸಂಘವೆಂದು ಕರೆದಿರಲಿಲ್ಲ. ರೊಟ್ಟಿ ಬಡಿದು ಮುಗಿಸಿ, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಕೂಡುತ್ತಿದ್ದರು. ಮುಂದೆ ಹೇಳುವವಳು ಹಂಪವ್ವ, ಗಂಡ ಸತ್ತು ಬಹಳ ವರ್ಷವಾದ ಹೆಂಗಸು, ಹತ್ತಾರು ಮನೆಗಳಿಗೆ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಅವಳ ದನಿ ಇಂಪಲ್ಲ. ಬೀಸುವ ಕಲ್ಲಿನ ಹಾಗೆ ದಪ್ಪ, ಗರಗರ. ಆದರೆ ಆ ದನಿಯ ಮೇಲೆ ಇನ್ನೊಬ್ಬರು ತಮ್ಮ ದನಿಯನ್ನು ಇಡಬಹುದಿತ್ತು, ಅದು ಜಾರುತ್ತಿರಲಿಲ್ಲ.

ಒಂದು ಸಂಜೆ ಹಂಪವ್ವ ನಮ್ಮ ಮನೆಗೆ ಬಂದು ಶಾಂತವ್ವನಿಗೆ ಹೇಳಿದಳು: "ನಿನ್ನ ಸೊಸೀನ್ನ ಕರಕೊಂಡು ಹೊಂಟೇನಿ."

"ಎಲ್ಲಿಗೆ? ಆಕಿ ಮಾತಾಡಂಗಿಲ್ಲ."

"ಮಾತಾಡಾಕ ಯಾರು ಕರದಾರ?"

ಹಂಪವ್ವ ನೀಲವ್ವನ ರಟ್ಟೆ ಹಿಡಿದು ಎಬ್ಬಿಸಿದಳು. ನಾನೂ ಹಿಂದೆ ಹೋದೆ. ಪಡಸಾಲೆಯ ನಟ್ಟನಡುವೆ, ಇಬ್ಬರು ದೊಡ್ಡ ಮೈಯ ಹೆಂಗಸರ ಮಧ್ಯೆ ಅವಳನ್ನು ಕೂಡಿಸಿದರು, ಬೀಳದಂತೆ. ಯಾರೂ ಹೇಗಿದ್ದಿ ಎನ್ನಲಿಲ್ಲ. ಹಾಡು ಎನ್ನಲಿಲ್ಲ. ಹಂಪವ್ವ ತಾಳ ತಟ್ಟಿ ಒಂದು ಸಾಲು ಹೇಳಿದಳು, ಉಳಿದವರು ಅದನ್ನು ಎತ್ತಿಕೊಂಡರು.

ನಾನು ಹಾಡುವವಳಲ್ಲ. ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಮಾಸ್ತರರು ನನಗೆ ಬಾಯಿ ಮಾತ್ರ ಆಡಿಸು, ದನಿ ಬಿಡಬೇಡ ಎಂದಿದ್ದರು. ಆ ಪಡಸಾಲೆಯಲ್ಲಿ ಹಾಗೆ ಹೇಳುವವರು ಯಾರೂ ಇರಲಿಲ್ಲ. ನಾಲ್ಕಾರು ಸಂಜೆ ಸುಮ್ಮನೆ ಕೂತಿದ್ದು ಆಮೇಲೆ ನಾನೂ ದನಿ ಬಿಟ್ಟೆ. ನನ್ನ ಉಸಿರು ಮುಗಿಯುವ ಹೊತ್ತಿಗೆ ಪಕ್ಕದವಳದು ಇರುತ್ತಿತ್ತು. ಅವಳದು ಮುಗಿದಾಗ ನಾನು ಮತ್ತೆ ಎಳೆದುಕೊಂಡಿರುತ್ತಿದ್ದೆ. ಹಾಡು ಎಲ್ಲಿಯೂ ತುಂಡಾಗುತ್ತಿರಲಿಲ್ಲ. ಊರು ಬಿಟ್ಟು ಬಂದ ಮೇಲೆ ಮೊದಲ ಸಲ ನನಗೆ ಮನೆಗೆ ಬಂದರೆ ಹಸಿವಾಗುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು. ನನಗೇ ಹೀಗಾದರೆ ನೀಲವ್ವನಿಗೆ ಏನಾಗಿರಬಹುದು ಎಂದು ನೋಡುತ್ತಿದ್ದೆ. ಮೊದಲು ಅವಳ ಬೆರಳು ತಾಳಕ್ಕೆ ಅಲುಗಿತು. ಆಮೇಲೆ ಉಸಿರು, ಎರಡೂ ಬದಿಯ ಹೆಂಗಸರ ಎದೆ ಏರಿದಾಗ ಅವಳದೂ ಏರತೊಡಗಿತು. ಒಂದು ದಿನ ತುಟಿ ಅಲುಗಿದವು. ಒಂದು ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಎರೆದುಕೊಂಡು, ಒದ್ದೆ ಕೂದಲು ಬಿಟ್ಟುಕೊಂಡು ಒಲೆಯ ಮುಂದೆ ಕೂತಿದ್ದಳು. ಶಾಂತವ್ವ ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಎಂದಳು. ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ಹಾಡಿನಲ್ಲಿ ಸಾಲಿನ ಕೊನೆಯ ಎರಡು ಶಬ್ದ ಹೇಳುತ್ತಿದ್ದಳು, ಅಷ್ಟೇ.

ಶ್ರಾವಣ ಮುಗಿಯುತ್ತ ಬಂದಿತ್ತು. ಅವತ್ತು ಮಳೆ ಜೋರಾಗಿ, ಪುರಾಣಕ್ಕೆ ಬಂದ ಗಂಡಸರೆಲ್ಲ ಒಳಗೆ ಸೇರಿದ್ದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎಲ್ಲರೂ ಉಸಿರು ತೆಗೆದುಕೊಳ್ಳುತ್ತಿದ್ದಾಗ ನೀಲವ್ವ ಒಬ್ಬಳೇ ದನಿ ಎತ್ತಿದಳು. ಜೋಗುಳ. ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹೇಳುವ ಜೋಗುಳ. ಮಡಿಲು ಖಾಲಿ, ಎರಡೂ ಕೈ ಮಡಿಲಲ್ಲಿ ಅಂಗಾತ ಇದ್ದವು. ಹೆಂಗಸರೆಲ್ಲ ಮರಗಟ್ಟಿದಂತೆ ಕೂತರು. ಒಬ್ಬಳು "ಅಯ್ಯ ನಮ್ಮವ್ವ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ನೀಲವ್ವನ ದನಿ ಎರಡನೆಯ ಸಾಲಿಗೆ ನಡುಗಿತು, ಇನ್ನೇನು ನಿಲ್ಲಬೇಕು, ಆಗ ಹಂಪವ್ವ ಆ ಸಾಲನ್ನು ಕೆಳಗಿನಿಂದ ಹಿಡಿದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಜೋಗುಳದಲ್ಲಿ ಹೆಸರು ಕರೆಯುವ ಕಡೆ ಬಂದಾಗ ಎಲ್ಲರೂ ತಡೆದರು, ಯಾಕೆಂದರೆ ಹೆಸರು ಯಾರಿಗೂ ಗೊತ್ತಿರಲಿಲ್ಲ.

"ಬಾಳವ್ವ" ಎಂದಳು ನೀಲವ್ವ.

ನಾವು ಆ ಹೆಸರು ಹಾಕಿ ಹಾಡಿದೆವು. ಅವಳ ಕಣ್ಣಿಂದ ನೀರು ಇಳಿಯಿತು, ಕೂಸು ಹೋದ ಮೇಲೆ ಮೊದಲ ಸಲ. ಎಲ್ಲರೂ ಅಳುತ್ತಿದ್ದರು, ಅಳುತ್ತಲೇ ಹಾಡುತ್ತಿದ್ದರು. ಆ ಪಡಸಾಲೆಯಲ್ಲಿ ಹೆಸರಿಲ್ಲದ ಕೂಸನ್ನು ಕಳೆದುಕೊಳ್ಳದ ಹೆಂಗಸರು ಬಹಳ ಕಡಿಮೆ ಇದ್ದರು ಎಂದು ನನಗೆ ಅವತ್ತು ತಿಳಿಯಿತು.

ಒಳಗಿನಿಂದ ಗುರಪ್ಪ ಸಾವಕಾರ ಬಂದ. ಓಣಿಯ ಅರ್ಧ ಮಗ್ಗಗಳಿಗೆ ನೂಲು ಕೊಟ್ಟು ಸೀರೆ ಕೊಳ್ಳುವವನು ಅವನೇ; ಮಠದ ಹಿರೇತನವೂ ಅವನದೇ. ಬಾಗಿಲಲ್ಲಿ ನಿಂತು, "ಬಂದ್ ಮಾಡ್ರಿ ಇದನ್ನ" ಎಂದ. ದನಿ ಎತ್ತರಿಸಲಿಲ್ಲ. ಎತ್ತರಿಸುವ ಅಗತ್ಯ ಅವನಿಗೆ ಎಂದೂ ಬಿದ್ದಿರಲಿಲ್ಲ.

ಮರುದಿನ ಹಿರಿಯರು ಕೂತು ತೀರ್ಮಾನ ಮಾಡಿದರು. ಮಠದ ಮುಂದೆ ಹುಚ್ಚಿಯೊಬ್ಬಳು ಸತ್ತ ಕೂಸಿಗೆ ಜೋಗುಳ ಹಾಡಿದ್ದಾಳೆ, ಓಣಿಯ ತೊಟ್ಟಿಲುಗಳಿಗೆ ಕೇಡು. ಗರತಿಯರು ಬೀದಿಯಲ್ಲಿ ಕೂತು ದನಿ ಎತ್ತುವುದು ಇನ್ನು ಸಾಕು. ಯಾರ ಮನೆಯ ಹೆಂಗಸು ಹೋಗುತ್ತಾಳೋ ಆ ಮನೆಗೆ ಸಾವಕಾರರ ನೂಲು ಬರುವುದಿಲ್ಲ. ಹೆಂಗಸರಲ್ಲಿ ಒಬ್ಬಳನ್ನೂ ಕರೆದು ಕೇಳಲಿಲ್ಲ. ತೀರ್ಮಾನ ಮಾಡಿದವರಲ್ಲಿ ಎಷ್ಟು ಜನರ ಮನೆಯಲ್ಲಿ ಹಿಂದಿನ ಸಂಜೆಯ ಕಣ್ಣೀರು ಇನ್ನೂ ಆರಿರಲಿಲ್ಲವೋ, ಅವರಿಗೇ ಗೊತ್ತಿರಲಿಲ್ಲ.

ಹಾಡು ನಿಂತಿತು. ನೀಲವ್ವ ಮತ್ತೆ ಬಾಗಿಲ ಎದುರಿನ ಗೋಡೆಗೆ ಬಂದು ಕೂತಳು. ಹಳೆಯದಕ್ಕಿಂತ ಇದು ಕೆಟ್ಟದಾಗಿತ್ತು, ಯಾಕೆಂದರೆ ಈ ಸಲ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ಕೆರೂರಿನಿಂದ ಯಾರೋ ಬಂದು ಸಂಗಪ್ಪನಿಗೆ ಇನ್ನೊಂದು ಹೆಣ್ಣಿನ ಮಾತು ತೆಗೆದರು. ನೀಲವ್ವನನ್ನು ಚೊಳಚಗುಡ್ಡಕ್ಕೆ, ಅವಳ ಮುದಿ ಅಪ್ಪನ ಹತ್ತಿರ ಬಿಟ್ಟುಬರುವುದೆಂದು ಅವಳೆದುರಿಗೇ ಮಾತಾಡಿದರು. ಎತ್ತು ಕುಂಟಾದರೆ ಮಾರುವ ಮಾತಿನಷ್ಟು ಸಲೀಸಾಗಿ.

ನನಗೆ ತಡೆಯಲಾಗಲಿಲ್ಲ. ಸಾಲೆ ಬಿಟ್ಟ ಮೇಲೆ ಸಾವಕಾರನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಸೀರೆ ಬಿಚ್ಚಿ ಸೆರಗಿನಲ್ಲಿ ನೇಯ್ದ ತೆನೆಯ ಚಿತ್ತಾರ ನೋಡುತ್ತಿದ್ದ. ಕೂಡಿರಿ ಎನ್ನಲಿಲ್ಲ.

"ಆ ಹೆಣ್ಣುಮಗಳು ಹಾಡಿನಿಂದ ಸುಧಾರಿಸಲಿಕ್ಕೆ ಹತ್ತಿದ್ದಳು. ನೀವು ಅದನ್ನೇ ನಿಲ್ಲಿಸಿದ್ರಿ" ಎಂದೆ.

"ಹಾಡಿನಿಂದ ಹುಚ್ಚು ಬಿಡತದೇನ್ರೀ ಬಾಯಾರ?" ಅವನು ಸೀರೆಯಿಂದ ಕಣ್ಣು ತೆಗೆಯಲಿಲ್ಲ. "ಹಂಗಿದ್ದರ ದವಾಖಾನಿ ಯಾಕ ಕಟ್ಟಸ್ತಿದ್ದರು?"

"ಆಕಿಗೆ ಹುಚ್ಚಿಲ್ಲ. ದುಃಖ ಅದ. ಅಳಲಿಕ್ಕೆ ನೀವು ಬಿಡಲಿಲ್ಲ, ಹಾಡಲಿಕ್ಕೂ ಬಿಡಲಿಲ್ಲ. ಮತ್ತ ಆಕಿ ಏನು ಮಾಡಬೇಕು?"

"ನೀವು ಹುಡುಗ್ಯಾರಿಗೆ ಅ ಆ ಇ ಈ ಕಲಸಾಕ ಬಂದೀರಿ. ಅದನ್ನ ಕಲಸ್ರಿ. ಸ್ಕೂಲ್ ಬೋರ್ಡಿನ್ಯಾಗ ನಮ್ಮ ಮಂದೀನೂ ಅದಾರ."

ನಾನು ಹಿಂತಿರುಗಿ ಬರುವಾಗ ಹೆದರಿಕೆಯೂ ಇತ್ತು, ಸಿಟ್ಟೇ ಹೆಚ್ಚಿತ್ತು. ದಾರಿಯಲ್ಲಿ ಹಂಪವ್ವನ ಮನೆ. ಅವಳು ರಾಟಿಯ ಮುಂದೆ ಕೂತಿದ್ದಳು. ನಡೆದದ್ದನ್ನು ಹೇಳಿದೆ. ಅವಳು ಕೇಳುತ್ತ ಕೇಳುತ್ತ ರಾಟಿಯ ಹಿಡಿ ಬಿಟ್ಟಳು. ಎದ್ದು, ರಾಟಿಯನ್ನು ಎತ್ತಿ ಗೋಡೆಗೆ ಒರಗಿಸಿ ಇಟ್ಟಳು.

"ದನಿ ಎತ್ತಬ್ಯಾಡ ಅಂದಾರ. ಇರಲಿ. ಕೈನೂ ಎತ್ತಂಗಿಲ್ಲ."

ಯಾವ ಸಭೆಯೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಹಂಪವ್ವ ಕಂಡಿಕೆ ಸುತ್ತುವುದಿಲ್ಲ ಎಂಬ ಸುದ್ದಿ ನೀರಿನ ಬಾವಿಯ ಹತ್ತಿರ ಹಬ್ಬಿತು. ಮಧ್ಯಾಹ್ನಕ್ಕೆ ಐದಾರು ಮನೆಗಳ ರಾಟಿ ನಿಂತವು, ಸಂಜೆಗೆ ಇನ್ನಷ್ಟು. ಅಡುಗೆ ಮಾಡಿದರು, ನೀರು ತಂದರು, ಕಸ ಹೊಡೆದರು. ರಾಟಿಯನ್ನು ಮಾತ್ರ ಮುಟ್ಟಲಿಲ್ಲ. ಯಾಕೆಂದು ಕೇಳಿದರೆ "ಹಾಡಿಲ್ಲಂದರ ಕೈ ಓಡಂಗಿಲ್ಲ" ಎನ್ನುತ್ತಿದ್ದರು. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ. ಲಾಳಿ ಓಡದೆ ಮಗ್ಗವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಖಟಖಟ ಎನ್ನುತ್ತಿದ್ದ ಓಣಿಯಲ್ಲಿ ಗುಬ್ಬಿಗಳ ಸದ್ದು ಕೇಳಿಸತೊಡಗಿತು.

ಗಂಡಸರು ಮೊದಲು ನಕ್ಕರು. ಆಮೇಲೆ ತಾವೇ ರಾಟಿಯ ಮುಂದೆ ಕೂತರು, ನೂಲು ಹರಿಯಿತು, ಸುರುಳಿ ಸಡಿಲಾಗಿ ಲಾಳಿಯೊಳಗೆ ಸಿಕ್ಕಿಕೊಂಡಿತು. ಆಮೇಲೆ ಕೆಲವರು ಹೊಡೆದರು. ಅದನ್ನು ನಾನು ಮುಚ್ಚಿಟ್ಟು ಬರೆಯುವುದಿಲ್ಲ. ಎದುರು ಮನೆಯ ಕಾಶವ್ವ ಊದಿದ ಮುಖ ಹೊತ್ತು ಮತ್ತೆ ರಾಟಿಯ ಮುಂದೆ ಕೂತಳು. ಯಾರೂ ಅವಳನ್ನು ಆಡಿಕೊಳ್ಳಲಿಲ್ಲ. ಹಂಪವ್ವ ಹೋಗಿ ಅವಳ ಮುಖಕ್ಕೆ ಅರಿಶಿನ ಹಚ್ಚಿ ಬಂದಳು. ದಸರೆಗೆ ಸೊಲ್ಲಾಪುರದ ವ್ಯಾಪಾರಿಗಳಿಗೆ ಸಾವಕಾರ ಸೀರೆ ಕೊಡುವುದಿತ್ತು. ನೂಲು ನಿಲ್ಲಿಸುತ್ತೇನೆ ಎಂದು ಹೆದರಿಸಿದವನ ನೂಲು ಈಗ ಮನೆಮನೆಯಲ್ಲಿ ಮುಟ್ಟುವವರಿಲ್ಲದೆ ಬಿದ್ದಿತ್ತು.

ನಮ್ಮ ಮನೆಯಲ್ಲಿ ಶಾಂತವ್ವ ಕಂಡಿಕೆ ಸುತ್ತುತ್ತಿದ್ದಳು. ಸಂಗಪ್ಪನ ಮಗ್ಗ ನಡೆಯುತ್ತಿತ್ತು. ನಾನು ಅವಳೊಡನೆ ಮಾತು ಬಿಟ್ಟಿದ್ದೆ. ಅದೇ ಹೊತ್ತಿಗೆ ಒಂದು ಮುಂಜಾನೆ ಸಾವಕಾರ ಸ್ವತಃ ಮನೆಗೆ ಬಂದ. ಅವಳ ಮನೆ ಒಂದಾದರೂ ನೆಟ್ಟಗಿದೆ ಎಂದು ಹೊಗಳಿ, ಆ ಕೆರೂರಿನ ಸಂಬಂಧ ತಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದ. ನೀಲವ್ವ ಗೋಡೆಗೆ ಒರಗಿ ಕೂತಿದ್ದಳು.

ಶಾಂತವ್ವ ರಾಟಿ ತಿರುಗಿಸುತ್ತಲೇ ಕೇಳಿಸಿಕೊಂಡಳು. ನಂತರ ನಿಲ್ಲಿಸಿದಳು.

"ಸಾವಕಾರ್ರ, ಸಂಗಪ್ಪನಕಿಂತ ಮೊದಲ ನನ್ನವು ಮೂರು ಹೋದುವು."

"ಹೂಂ, ಆತಲ್ಲ, ಹಳೀ ಮಾತು."

"ಒಂದಕ್ಕೂ ಹೆಸರಿಲ್ಲ. ಎಲ್ಲಿ ಹುಗದಾರ ಅಂತ ನನಗ ಇವತ್ತಿನತನಕ ಗೊತ್ತಿಲ್ಲ. ಅಳಬ್ಯಾಡ ಅಂದ್ರು, ಅಳಲಿಲ್ಲ. ಅವತ್ತು ಯಾರರ ನನ್ನ ನಡುವ ಕುಂಡ್ರಿಸಿಕೊಂಡು ಹಾಡಿದ್ದರ, ನಾ ಈಕಿ ಮೂಗಿಗೆ ಮೆಣಸಿನಕಾಯಿ ಹೊಗಿ ಹಿಡಸ್ತಿದ್ದಿಲ್ಲ." ಅವಳು ಸೊಸೆಯ ಕಡೆ ನೋಡಲಿಲ್ಲ, ನೋಡುವ ಧೈರ್ಯ ಆಗಲಿಲ್ಲವೇನೋ. ರಾಟಿಯನ್ನು ಎತ್ತಿ ಗೋಡೆಗೆ ಒರಗಿಸಿದಳು. "ನಿಮ್ಮ ನೂಲು ಒಯ್ಯೂದಿದ್ದರ ಒಯ್ರಿ. ನನ್ನ ಸೊಸಿ ಎಲ್ಲಿಗೂ ಹೋಗಂಗಿಲ್ಲ."

ಕುಣಿಯಲ್ಲಿ ಕೂತಿದ್ದ ಸಂಗಪ್ಪ ಲಾಳಿ ಕೆಳಗಿಟ್ಟ. ಎದ್ದು ಬಂದು ತಾಯಿಯ ಪಕ್ಕದಲ್ಲಿ ನಿಂತ. ಅವನ ಮಟ್ಟಿಗೆ ಅದು ದೊಡ್ಡದೇ. ಸಾವಕಾರ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಓಣಿಯ ತಿರುವು ದಾಟುವ ಮೊದಲೇ ನೀಲವ್ವ ಗೋಡೆ ಬಿಟ್ಟು, ಅಂಬೆಗಾಲಿಟ್ಟಂತೆ ಬಂದು ಅತ್ತೆಯ ಮಡಿಲಲ್ಲಿ ತಲೆ ಇಟ್ಟಳು.

"ಅತ್ತಿ, ಅವಕ್ಕ ಏನರ ಹೆಸರು ಮನಸಿನ್ಯಾಗ ಇಟಗೊಂಡಿದ್ರೇನು?"

ಕೂಸು ಹೋದ ಮೇಲೆ ಅವಳು ಮಾತೆಂದು ಆಡಿದ ಮೊದಲ ಮಾತು ಅದು. ಶಾಂತವ್ವ ಹೆಸರುಗಳನ್ನು ಹೇಳಿದಳು. ಆ ಮೂರು ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವು ಆ ಮನೆಯವು.

ವಾರದೊಳಗೆ ಸಾವಕಾರ ಬಗ್ಗಿದ. ಬಗ್ಗಿದೆ ಎಂದು ಹೇಳಲಿಲ್ಲ. ಮಠದ ಪಡಸಾಲೆ ಬೇಡ, ಓಣಿಯ ಹಿಂದೆ ಬೇವಿನ ಮರಗಳ ಕೆಳಗೆ ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚುವ ಬಯಲಿದೆಯಲ್ಲ, ಅಲ್ಲಿ ಬೇಕಾದರೆ ಕೂಡಲಿ ಎಂದು ಯಾರ ಕೈಯಲ್ಲೋ ಹೇಳಿಕಳಿಸಿದ. ಆ ಬಯಲು ಅವನದಲ್ಲ. ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳನ್ನು ಕಟ್ಟಿ, ಗಂಜಿ ಸವರಿ ಒಣಗಿಸಲು ಎಲ್ಲರೂ ಬಳಸುತ್ತಿದ್ದ ಜಾಗ. ಇದ್ದ ಜಾಗವನ್ನೇ ಕೊಟ್ಟೆ ಎಂದವನಿಗೆ ಮುಂದೆ ದಾನಿ ಎಂಬ ಹೆಸರು ಬಂತು. ಹೆಂಗಸರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಚಾಪೆ ಹಾಸಿ ಕೂತರು. ರಾಟಿಗಳು ತಿರುಗಿದವು, ಮಗ್ಗಗಳು ನಡೆದವು, ಸಂಜೆಗೆ ಹುಳಿಗಂಜಿಯ ವಾಸನೆಯ ನಡುವೆ ಹಾಡು ಎದ್ದಿತು. ಕಾಶವ್ವ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ನೀಲವ್ವ ಒಂದೇ ದಿನಕ್ಕೆ ಮೊದಲಿನಂತಾದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಅಂಥ ದಿನ ಸಂಜೆ ಶಾಂತವ್ವನೇ ಅವಳನ್ನು ಎಬ್ಬಿಸಿ ಬಯಲಿಗೆ ಕರೆದೊಯ್ಯುತ್ತಿದ್ದಳು, ತಾನೂ ಪಕ್ಕದಲ್ಲಿ ಕೂಡುತ್ತಿದ್ದಳು. ಅತ್ತೆಗೆ ತಾಳ ಎಂದರೆ ಏನೆಂದು ಗೊತ್ತಿರಲಿಲ್ಲ, ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಶಬ್ದ ಮುಂದೆ ಹೋಗುತ್ತಿದ್ದಳು. ಅದಕ್ಕೇ ನೀಲವ್ವ ಒಮ್ಮೆ ನಕ್ಕಳು. ಒಂದು ದಿನ ನಾನು ಅವಳನ್ನು ಕೇಳಿದೆ, ಹಾಡುವಾಗ ಹೇಗೆನಿಸುತ್ತದೆ ಎಂದು. ರೊಟ್ಟಿ ತಟ್ಟುತ್ತಲೇ ಹೇಳಿದಳು: "ಹೋದದ್ದು ಹೋಗೇ ಅದರೀ ಅಕ್ಕೋರ. ಖರೆ, ಅಷ್ಟೊತ್ತು ನನ್ನ ಉಸುರು ನಾನs ಎಳಕೋಬೇಕು ಅಂತಿಲ್ಲ ನೋಡ್ರಿ, ಎಲ್ಲಾರೂ ಕೂಡಿ ಎಳೀತಾರ."

ಮುಂದಿನ ಬೇಸಿಗೆಯಲ್ಲಿ ನನಗೆ ಕೆರೂರಿಗೆ ವರ್ಗವಾಯಿತು. ಸ್ಕೂಲ್ ಬೋರ್ಡಿನಲ್ಲಿದ್ದ ಮಂದಿ ಮಾತು ಉಳಿಸಿಕೊಂಡಿದ್ದರು. ನಾನು ಹೋದ ಮೇಲೂ ಬಯಲಿನ ಹಾಡು ನಡೆಯಿತು, ಇವತ್ತಿಗೂ ನಡೆಯುತ್ತದೆ. ಹಂಪವ್ವ ಸತ್ತು ಎಷ್ಟೋ ವರ್ಷವಾಯಿತು. ಅವಳು ಫೋಟೋ ತೆಗೆಸಿಕೊಂಡವಳೇ ಅಲ್ಲ, ಹಾಗಾಗಿ ಮಾಲೆ ಹಾಕಲು ಫೋಟೋ ಸಿಗಲಿಲ್ಲ ಎಂದಾದರೂ ಮೊನ್ನೆ ವೇದಿಕೆಯಲ್ಲಿದ್ದವರು ಹೇಳಬಹುದಿತ್ತು. ಹೆಸರನ್ನೂ ಹೇಳಲಿಲ್ಲ.

ಆದರೆ ಆ ವರ್ಷದ ಇನ್ನೊಂದು ಸಂಜೆಯನ್ನು ಹೇಳಬೇಕು. ದಸರೆ ಕಳೆದು ಚಳಿ ಶುರುವಾಗಿತ್ತು. ಹುನಗುಂದದ ಕಡೆಯ ಒಬ್ಬ ರೈತ ತನ್ನ ಮಗಳನ್ನು ಕರೆದುಕೊಂಡು ಬಯಲಿಗೆ ಬಂದ. ಸಂತೆಯಲ್ಲಿ ಗುರಪ್ಪ ಸಾವಕಾರ ಅವನಿಗೆ, "ನಮ್ಮ ಓಣ್ಯಾಗ ಹಾಡಸ್ತೇವಿ, ಭಾಳ ಮಂದಿ ಸುಧಾರಿಸ್ಯಾರ, ಕರಕೊಂಡು ಹೋಗು" ಎಂದು ಹೇಳಿದ್ದನಂತೆ. ನನಗೆ ಮೈಯೆಲ್ಲ ಉರಿಯಿತು. ಎದ್ದು ಏನೋ ಹೇಳಲು ಹೊರಟೆ. ನೀಲವ್ವ ನನ್ನ ಸೆರಗು ಹಿಡಿದು ಕೂಡಿಸಿದಳು. "ಯಾರರ ಕಳಿಸಿರಲಿ ಬಿಡ್ರಿ, ಬಂದಾಳಲ್ಲರೀ" ಎಂದಳು.

ಆ ಹುಡುಗಿಯ ಕಣ್ಣ ಕೆಳಗೆ ಕಪ್ಪಾಗಿತ್ತು. ತುಟಿ ಒಡೆದಿದ್ದವು. ಏನಾಗಿದೆ ಎಂದು ಅಪ್ಪ ಹೇಳಲು ಶುರುಮಾಡಿದ: ಅಳಿಯ ಬಾವಿಗೆ ಬಿದ್ದು ಹೋದ, ಅಂದಿನಿಂದ ಇವಳು ರೆಪ್ಪೆ ಮುಚ್ಚಿಲ್ಲ, ಹಗಲೂ ಇಲ್ಲ ರಾತ್ರಿಯೂ ಇಲ್ಲ. ನೀಲವ್ವ ಅವನ ಮಾತು ಪೂರ್ತಿ ಕೇಳಲಿಲ್ಲ. ಚಾಪೆಯ ಮೇಲೆ ಸರಿದು, ತನಗೂ ಶಾಂತವ್ವನಿಗೂ ನಡುವೆ ಜಾಗ ಮಾಡಿದಳು. ಹುಡುಗಿ ಕೂತಳು. ಹಂಪವ್ವ ಸಾಲು ಹೇಳಿದಳು, ನಾವು ಎತ್ತಿಕೊಂಡೆವು.

ಅವಳು ಹಾಡಲಿಲ್ಲ. ಎರಡನೆಯ ಹಾಡಿನ ಹೊತ್ತಿಗೆ ಅವಳ ತಲೆ ವಾಲಿತು, ಮೂರನೆಯದಕ್ಕೆ ನೀಲವ್ವನ ಹೆಗಲಿಗೆ ಬಂತು. ಬಾಯಿ ಸ್ವಲ್ಪ ತೆರೆದು, ಸಣ್ಣ ಕೂಸಿನ ಹಾಗೆ ನಿದ್ದೆ ಹೋಗಿದ್ದಳು. ಅವಳ ಅಪ್ಪ ದೂರದಲ್ಲಿ ಬೇವಿನ ಬೊಡ್ಡೆಗೆ ಕೈ ಕೊಟ್ಟು ನಿಂತಿದ್ದವನು ಕೆಳಗೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಎಚ್ಚರವಾದೀತೆಂದು ನಾವೆಲ್ಲ ದನಿ ತಗ್ಗಿಸಿದೆವು. ನೀಲವ್ವ ಹೆಗಲು ಅಲುಗದಂತೆ ಕೂತು, ಒಂದು ಕೈಯನ್ನು ಮೇಲಕ್ಕೆ ಮಾಡಿ ನಮಗೆ ಸನ್ನೆ ಮಾಡಿದಳು: ತಗ್ಗಿಸಬೇಡಿ, ಎತ್ತಿರಿ.

ಎತ್ತಿದೆವು.